ಚಾಕಿ ಮಾವ

ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ಯಜಮಾನರೊಬ್ಬರು ಫೋನಿಗೆ ಬಾಯಿಟ್ಟು, ‘ಜ್ವರ ಬುಡ್ತಾ? ಎಷ್ಟು ಜನ ಎದ್ರು? ಎಲ್ರೂ ಏಳೋಗಂಟ ತಿನ್ನಕ್ಕೆ ಹಾಕ್ಬ್ಯಾಡ, ಮ್ಯಾಲೆ ಸುಣ್ಣ ಉದುರ್ಸು’ ಎಂದು ಕೂಗುತ್ತಿದ್ದರೆ ಗಾಬರಿಯಾಗಬೇಡಿ. ಪಕ್ಕದ ಸೀಟಿನ ಬೆಂಗಳೂರಿನ ಹುಡುಗಿ ಮೂಗಿಗೆ ದುಪಟ್ಟಾ ಒತ್ತಿಕೊಂಡು ಎದ್ದು ಹೋದರೂ, ಹಿಂದಿನ ಸೀಟಿನವರು ಮುಂದಕ್ಕೆ ಬಗ್ಗಿ ‘ಎಷ್ಟನೇ ಜ್ವರ ಯಜಮಾನ್ರೆ?’ ಎಂದು ವಿಚಾರಿಸುತ್ತಾರೆ. ‘ಎರಡನೇದು’ ಎಂದರೆ ಮುಗಿಯಿತು. ಇಳಿಯುವವರೆಗೂ ಅರ್ಧ ಬಸ್ಸಿಗೆ ಅದೇ ಮಾತು, ಕಿಟಕಿಯಾಚೆ ಚೆಂಡುಹೂ ಎಷ್ಟೇ ಅರಳಿರಲಿ.

ಇವರೇ ಚಾಕಿ ಮಾವ. ಹಿಪ್ಪುನೇರಳೆ ತೋಟವಿರುವ ಊರಿನಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ದೊಡ್ಡ ರೇಷ್ಮೆ ಹುಳುವನ್ನು ಯಾರು ಬೇಕಾದರೂ ಮೇಯಿಸಿಯಾರು, ಕಡ್ಡಿಸೊಪ್ಪು ತಂದು ಹಾಸಿದರಾಯಿತು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೇ ಜ್ವರ ಎನ್ನುತ್ತಾರೆ. ಮೊಟ್ಟೆಯೊಡೆದ ಗಳಿಗೆಯಿಂದ ಎರಡನೇ ಜ್ವರ ಏಳುವವರೆಗಿನ ಚಾಕಿ ಹುಳುವನ್ನು ದಾಟಿಸಲು ಮಾತ್ರ ಮಾವನೇ ಬೇಕು. ಈಗ ಚಾಕಿ ಸಾಕಾಣಿಕೆ ಕೇಂದ್ರದವರು ಎರಡು ಜ್ವರ ಕಳೆದ ಹುಳುವನ್ನೇ ಒದಗಿಸುತ್ತಾರೆ, ರೈತರಿಗೂ ಅದೇ ನಿರಾಳ. ಮಾವ ಮಾತ್ರ ಅವನ್ನು ‘ಹಾಸ್ಟೆಲ್ ಮಕ್ಳು’ ಎಂದು ಕರೆಯುತ್ತಾರೆ. ತಾವು ಮೊಟ್ಟೆಯನ್ನೇ ತಂದು ಮನೆಯಲ್ಲೇ ಮರಿ ಮಾಡಿಸುತ್ತಾರೆ.

ಒಡೆಯುವ ಮುಂಚಿನ ಎರಡು ದಿನ ಮೊಟ್ಟೆಗೆ ಕಪ್ಪು ಬಟ್ಟೆ ಮುಚ್ಚಿ ಕತ್ತಲಲ್ಲಿಡುತ್ತಾರೆ. ಮುಂದಾಗಿ ಬಲಿತವು ಹಿಂದೆ ಬಿದ್ದವಕ್ಕೆ ಕಾದು, ಬೆಳಗ್ಗೆ ಬೆಳಕು ಬಿಟ್ಟ ಕೂಡಲೇ ಎಲ್ಲವೂ ಒಟ್ಟಿಗೆ ಹೊರಬರಲಿ ಎಂದು. 100 ಮೊಟ್ಟೆ ಎಂದು ಲೆಕ್ಕ ಬರೆದದ್ದು 100 ಚಿಟ್ಟೆ ಇಟ್ಟ ಮೊಟ್ಟೆ. ಮರಿಯಾದಾಗ 40,000ಕ್ಕೂ ಮೇಲೆ. ಒಂದೊಂದೂ 3 ಮಿಲಿಮೀಟರ್ ಉದ್ದ, ಮೈಮೇಲೆಲ್ಲ ಕಪ್ಪು ಕೂದಲು. ಕುಡಿಯ ಎಳೆಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸಿ, ಮರಿಗಳು ಅದಕ್ಕೆ ಹತ್ತಿದ ಮೇಲೆ ಕೋಳಿಪುಕ್ಕದಲ್ಲಿ ಮೆಲ್ಲಗೆ ತಟ್ಟೆಗೆ ಸರಿಸುವುದಕ್ಕೆ ಚಾಕಿ ಕಟ್ಟುವುದು ಎನ್ನುತ್ತಾರೆ. ಆ ಹೊತ್ತಿನಲ್ಲಿ ಮಾವ ಉಸಿರು ಬಿಡುವುದೂ ಪಕ್ಕಕ್ಕೆ ತಿರುಗಿಯೇ. ಕೆಮ್ಮು ಬಂದರೆ ಅಂಗಳಕ್ಕೆ ಓಡುತ್ತಾರೆ. ಬೇರೆ ಯಾರಾದರೂ ಕೆಮ್ಮಿದರೆ ಅವರನ್ನು ಅಂಗಳ ದಾಟಿಸಿ ಓಡಿಸುತ್ತಾರೆ.

ಕೋಣೆಯ ಶಾಖ 27–28 ಡಿಗ್ರಿ, ಗಾಳಿಯ ತೇವ ನೂರಕ್ಕೆ 85–90. ತಟ್ಟೆಯ ಸುತ್ತ ಒದ್ದೆ ಸ್ಪಂಜು, ಮೇಲೆ ಮೇಣದ ಕಾಗದ. ಹುಳು ಜ್ವರಕ್ಕೆ ಕೂತಾಗ ಕಾಗದ ತೆಗೆದು, ಸುಣ್ಣದ ಪುಡಿ ಉದುರಿಸಿ, ಹಾಸಿಗೆ ಒಣಗಿಸಬೇಕು. ಇಷ್ಟೂ ದಿನ ಅಡುಗೆಮನೆಯಲ್ಲಿ ಒಗ್ಗರಣೆಯ ಹೊಗೆ ಏಳುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಮಗ ಸೆಂಟು ಬಳಿಯುವಂತಿಲ್ಲ. ತಂಬಾಕಂತೂ ಹುಳುವಿಗೆ ನೇರ ವಿಷ. ಡಾಕ್ಟರು ಹೇಳಿ, ಅತ್ತೆ ಅತ್ತು, ಮಲೆ ಮಾದಪ್ಪನಿಗೆ ಮುಡಿಪು ಕಟ್ಟಿದರೂ ಬಿಡದ ಕಡ್ಡಿಪುಡಿಯನ್ನು ಮಾವ ಬೆಳೆ ಮುಗಿಯುವವರೆಗೆ ಮುಟ್ಟುವುದಿಲ್ಲ. ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಹತ್ತಿದ ರಾತ್ರಿಯೇ ಬಾಯಿ ಮತ್ತೆ ಕೆಂಪಾಗುತ್ತದೆ. ‘ಬೆಳೆ ಮ್ಯಾಲೆ ಬೆಳೆ ತಗೀರಿ, ನೂರು ವರ್ಸ ಬದುಕ್ತೀರಿ’ ಎಂಬುದು ಅತ್ತೆಯ ಸಲಹೆ.

ಬಾಣಂತಿ ನೋಡಲು ಹೋದರೆ ಕೂಸು ಯಾರ ಹಾಗಿದೆ ಎಂದು ಮಾವ ಕೇಳುವುದಿಲ್ಲ, ಕಿಟಕಿಗೆ ಜಾಲರಿ ಇದೆಯೇ ಎಂದು ನೋಡುತ್ತಾರೆ. ಅದು ಊಜಿ ನೊಣ ಕಲಿಸಿದ ಪಾಠ. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದ ಈ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಒಳಹೊಕ್ಕ ಮರಿ ಹುಳುವನ್ನೇ ತಿಂದು ಕೊಬ್ಬುತ್ತದೆ, ಹೊರಗೆ ಕಾಣುವುದು ಒಂದು ಕಪ್ಪು ಮಚ್ಚೆ ಮಾತ್ರ. ಬೇರೆಯವರು ಬರಗಾಲ ನೆನೆಯುವ ದನಿಯಲ್ಲಿ ಮಾವ ಊಜಿಯನ್ನು ನೆನೆಯುತ್ತಾರೆ. ಮದುವೆ ಮನೆಯ ಎಲೆಯ ಮೇಲೆ ನೊಣ ಕೂತರೆ ಪಾಯಸ ಬಿಟ್ಟು ನೊಣದ ಬೆನ್ನು ನೋಡುತ್ತಾರೆ. ಮನೆನೊಣ ಎಂದು ಖಾತ್ರಿಯಾದ ಮೇಲೆ ನೆಮ್ಮದಿಯಿಂದ ಪಾಯಸ ಕುಡಿಯುತ್ತಾರೆ. ಪಕ್ಕದವನು ಅಷ್ಟರಲ್ಲಿ ಎಲೆ ಮಡಚಿರುತ್ತಾನೆ.

ಇಂಥ ಮಾವನಿಗೆ ಗುಂಡ್ಲುಪೇಟೆಯಲ್ಲಿ ಒಬ್ಬ ಸೋದರಳಿಯ. ಮನೆಯಿಂದಲೇ ಕಂಪ್ಯೂಟರ್ ಕೆಲಸ. ಅವನು ಬೆಂಗಳೂರಿನಿಂದ ಆಕ್ಸೊಲಾಟಲ್ ಎಂಬ ನೀರುಜೀವಿಯ ಮೊಟ್ಟೆ ತಂದು ಮರಿ ಮಾಡಿಸಿದ್ದಾನೆಂದು ತಿಳಿದದ್ದೇ ತಡ, ಮಾವ ಥರ್ಮಾಮೀಟರು, ಕೋಳಿಪುಕ್ಕ, ಅತ್ತೆ, ಮೂರನ್ನೂ ಕರೆದುಕೊಂಡು ಹೊರಟರು.

ಅಳಿಯನ ಕೋಣೆಯ ತುಂಬ ಐಸ್‌ಕ್ರೀಮ್ ಡಬ್ಬಿಗಳು. ಒಂದೊಂದರಲ್ಲಿ ಒಂದೊಂದು ಮರಿ, ಒಂದು ಸೆಂಟಿಮೀಟರಿಗಿಂತ ತುಸು ಉದ್ದ, ತಲೆಯ ಪಕ್ಕ ಗರಿಯಂಥ ಕಿವಿರು. ಮಾವ ಥರ್ಮಾಮೀಟರು ಅದ್ದಿದರು. 18 ಡಿಗ್ರಿ.

‘ಏನ್ಲಾ ಮಗ, ಹಸುಗೂಸುಗಳ್ನ ಸೀತದಲ್ಲಿ ಕೆಡವಿದ್ದೀಯೆ!’

ಅದಕ್ಕೆ ತಂಪೇ ಬೇಕು, 24 ದಾಟಿದರೆ ಕಷ್ಟ, ಅದಕ್ಕೇ ಫ್ರಿಜ್ಜಿನ ಬಾಟಲಿ ಇಟ್ಟಿದ್ದೇನೆ ಎಂದ ಅಳಿಯ. ಎಲ್ಲವನ್ನೂ ಒಂದೇ ತೊಟ್ಟಿಗೆ ಬಿಡಬಾರದೇಕೆ ಎಂದರೆ, ಒಂದರ ಕಾಲನ್ನು ಒಂದು ಕಚ್ಚಿ ತಿನ್ನುತ್ತವೆ ಎಂದ. ಮಾವ ಕುರ್ಚಿಗೆ ಕುಸಿದರು. ನಲವತ್ತು ಸಾವಿರ ಮಕ್ಕಳು ಒಂದೇ ಮನೆಯಲ್ಲಿದ್ದರೂ ಒಂದು ಜಗಳ ಕಾಣದ ಮನುಷ್ಯ.

‘ತಿಂದ್ರೂ ಪರ್ವಾಗಿಲ್ಲ ಮಾವ, ಕಾಲು ಮತ್ತೆ ಬೆಳೀತದೆ.’

ಆಗ ಕುರ್ಚಿಯಿಂದ ಎದ್ದರು. ಮೇವಿನ ವಿಚಾರಣೆ ನಡೆಯಿತು. ಮರಿ ಮೊದಲೆರಡು ದಿನ ಹೊಟ್ಟೆಯಲ್ಲಿರುವ ಭಂಡಾರದ ಮೇಲೇ ಬದುಕುತ್ತದೆ, ಆಮೇಲೆ ಕಣ್ಣೆದುರು ಅಲುಗಾಡುವುದನ್ನು ಮಾತ್ರ ತಿನ್ನುತ್ತದೆ. ಅದಕ್ಕೆಂದೇ ತಲೆಕೆಳಗಾಗಿಸಿದ ಬಾಟಲಿಯಲ್ಲಿ ಉಪ್ಪುನೀರು ತುಂಬಿ, ಗಾಳಿ ಊದಿಸಿ, ಆರ್ಟೀಮಿಯ ಎಂಬ ಚಿಟಿಕೆ ಸಿಗಡಿಯ ಮರಿಗಳನ್ನು ದಿನಾ ಮಾಡಿಸಬೇಕು. ‘ಅಂದ್ರೆ ಸೊಪ್ಪಿಗೂ ಚಾಕಿ ಕಟ್ಟಬೇಕು’ ಎಂದು ಮಾವ ತಲೆದೂಗಿದರು. ಅಳಿಯ ನಾಲ್ಕೂವರೆಗೆ ಏಳುತ್ತಾನೆ ಎಂದಾಗ ಅವರ ಮುಖದಲ್ಲಿ ಮೊದಲ ಬಾರಿಗೆ ಗೌರವ ಕಂಡಿತು.

ತಕರಾರು ಎದ್ದದ್ದು ಕೊನೆಯಲ್ಲಿ. ಗೂಡು ಎಂದು ಕಟ್ಟುತ್ತದೆ ಎಂದು ಮಾವ ಕೇಳಿದರು. ಕಟ್ಟುವುದಿಲ್ಲವಂತೆ. ಮೆಕ್ಸಿಕೋ ನಗರದ ಸೋಚಿಮಿಲ್ಕೋ ಕೆರೆಯ ಈ ಪ್ರಾಣಿ ರೂಪ ಬದಲಾಯಿಸದೆ, ಕಿವಿರು ಇಟ್ಟುಕೊಂಡೇ ಮುದಿಯಾಗುತ್ತದೆ, ಮರಿಯ ವೇಷದಲ್ಲೇ ಮೊಟ್ಟೆಯನ್ನೂ ಇಡುತ್ತದೆ. 1865ರಲ್ಲಿ ಪ್ಯಾರಿಸ್ಸಿನಲ್ಲಿ ಕೆಲವು ಮಾತ್ರ ಕಿವಿರು ಕಳಚಿ ನೆಲದ ಪ್ರಾಣಿಯಾಗಿದ್ದವು. ಥೈರಾಯ್ಡ್ ಹಾರ್ಮೋನು ಕೊಟ್ಟರೂ ಹಾಗಾಗುತ್ತವೆ.

‘ಹಣ್ಣೇ ಆಗಲ್ವಾ!’ ಎಂದರು ಮಾವ. ಹಣ್ಣಾಗದ ಹುಳು ಎಂದರೆ ಅವರ ಲೆಕ್ಕದಲ್ಲಿ ತಿಪ್ಪೆಗೆ ಹೋಗುವ ಮಾಲು. ಮರುಕ್ಷಣವೇ ದಾರಿ ಹೊಳೆಯಿತು. ‘ನಮ್ ಮೈಸೂರು ರೇಷ್ಮೆ ಸಂಸ್ಥೆದು ಸಂಪೂರ್ಣ ಅಂತದೆ ಕನ್ಲಾ. ಸೊಪ್ಪಿಗೆ ಹೊಡುದ್ರೆ ಎಲ್ಲಾ ಹುಳ ಒಟ್ಟಿಗೆ ಹಣ್ಣಾಯ್ತವೆ. ಒಂದ್ ಬಾಟ್ಲಿ ಕಳುಸ್ಲಾ?’

‘ತಿನ್ನೋದ್ ತಿಂತಾನೆ ಇದ್ದು ಗೂಡು ಕಟ್ಟದೆ ಇರೋವ್ಕೆ ಯಾವ್ ಔಸ್ದಿ ಹೊಡುದ್ರೇನು’ ಎಂದ ಅತ್ತೆಯ ಕಣ್ಣು, ಮೂವತ್ತೆರಡಾದರೂ ಹೆಣ್ಣು ನೋಡಲು ಬಾರದ ಅಳಿಯನ ಮೇಲಿತ್ತು.

ಅಳಿಯ ಮಾತು ಬದಲಿಸಿದ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಇಂಥ ವಿದೇಶಿ ಜೀವಿ ಸಾಕುವವರು ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು, ಮರಿಯಾದರೂ ತಿಳಿಸಬೇಕು ಎಂದು ಅರ್ಜಿಯ ಪ್ರತಿ ತೋರಿಸಿದ. ಮಾವ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದರು. ಬರುವ ದಾರಿಯಲ್ಲಿ ತೆರಕಣಾಂಬಿಯ ಟೀ ಅಂಗಡಿಯಲ್ಲಿ ನಾಲ್ಕು ಜನ ರೈತರನ್ನು ಹತ್ತಿರಕ್ಕೆ ಕರೆದು, ದನಿ ತಗ್ಗಿಸಿದರು:

‘ಹೊಸ ತಳಿ ಕನ್ರಪ್ಪ, ಮೆಕ್ಸಿಕೋದು. ಕಾಲ್ ಕಡುದ್ರೂ ಬೆಳೀತದೆ. ಅರ್ಜಿ ನಾನೇ ಕಣ್ಣಾರೆ ನೋಡ್ಬುಟ್ಟು ಬಂದೀವ್ನಿ. ಅರ್ಜಿ ಇದ್ಮ್ಯಾಲೆ ಸಬ್ಸಿಡಿ ಬರದೆ ಎಲ್ಲೋದದು? ಬರೋಗಂಟ ಯಾರ್ಗೂ ಉಸುರ್ಬ್ಯಾಡಿ.’