ಸ್ತೋತ್ರದ ಮೇಷ್ಟ್ರು

ಮೈಸೂರಿನ ಯಾವ ಕನ್ನಡ ಕ್ರೈಸ್ತ ಸಭೆಗಾದರೂ ಹೋಗಿ ನೋಡಿ. ಎಡಗಡೆ ಎರಡನೆಯ ಬೆಂಚಿನ ತುದಿಯಲ್ಲಿ, ಸರಿಯಾಗಿ ಫ್ಯಾನಿನ ಕೆಳಗೆ, ಒಬ್ಬ ನಿವೃತ್ತ ಮೇಷ್ಟ್ರು ಕೂತಿರುತ್ತಾರೆ. ತುಂಬುತೋಳಿನ ಬಿಳಿ ಷರಟು, ಜೇಬಿನಲ್ಲಿ ಎರಡು ಪೆನ್ನು, ಜಿಪ್ಪಿನ ಕವರು ಹಾಕಿದ ಸತ್ಯವೇದ. ಅವರನ್ನು ‘ಹೇಗಿದ್ದೀರಿ ಸಾರ್?’ ಎಂದು ಕೇಳುವವರು ಸಭೆಗೆ ಹೊಸಬರು ಮಾತ್ರ. ಹಳಬರು ದೂರದಿಂದಲೇ ಕೈಮುಗಿದು ಕೊಯರ್ ಕಡೆ ಸರಿದುಬಿಡುತ್ತಾರೆ. ಏಕೆಂದರೆ ಉತ್ತರ ‘ಕರ್ತನಿಗೆ ಸ್ತೋತ್ರ’ ಎಂದು ಶುರುವಾಗಿ ಲ್ಯಾಬ್ ರಿಪೋರ್ಟಿನಲ್ಲಿ ಮುಗಿಯುತ್ತದೆ. ‘ಶುಗರ್ 240 ಬಂದಿದೆ, ಸ್ತೋತ್ರ. 300 ಬರಬಹುದಿತ್ತಲ್ಲ? ಮಂಡಿ ಒಂದೇ ನೋಯ್ತಿದೆ, ಸ್ತೋತ್ರ. ದೇವರು ಎರಡು ಮಂಡಿ ಕೊಟ್ಟಿದ್ದು ಇದಕ್ಕೇ.’

ನಮ್ಮ ಸಭೆಯಲ್ಲಿ ಈ ಪದವಿಯಲ್ಲಿರುವವರಿಗೆ ಸ್ತೋತ್ರದ ಮೇಷ್ಟ್ರು ಎಂದೇ ಹೆಸರು. ಮಿಷನ್ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಹೆಂಡತಿ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಊರಿಗೆಲ್ಲ ಸಿಸ್ಟರಮ್ಮ. ಅಪೊಸ್ತಲನಾದ ಪೌಲನು ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರದ 5ನೆಯ ಅಧ್ಯಾಯ, 18ನೆಯ ವಚನದಲ್ಲಿ ಎಲ್ಲದಕ್ಕೂ ಉಪಕಾರ ಸ್ಮರಣೆ ಮಾಡಬೇಕೆಂಬ ಅರ್ಥದ ಮಾತಿದೆಯಲ್ಲ, ಬೇರೆಯವರು ಅದನ್ನು ಉಪದೇಶವೆಂದು ತಿಳಿದರೆ ಮೇಷ್ಟ್ರು ಸರ್ಕಾರಿ ಸುತ್ತೋಲೆಯೆಂದು ತಿಳಿದು ಅಕ್ಷರಶಃ ಜಾರಿಗೆ ತಂದಿದ್ದಾರೆ. ಕರೆಂಟು ಹೋದರೆ ಸ್ತೋತ್ರ, ಬಂದರೆ ಸ್ತೋತ್ರ. ವೋಲ್ಟೇಜ್ ಸಾಲದೆ ಫ್ಯಾನು ತೆವಳಿದರೆ, ಚಳಿಗಾಲ ಹತ್ತಿರ ಬಂತಲ್ಲ ಎಂದು ಅದಕ್ಕೂ ಒಂದು.

ಇದೆಲ್ಲ ಹೊರಗಿನ ನೋಟ. ಮೇಷ್ಟ್ರನ್ನು ನಿಜವಾಗಿ ನೋಡಬೇಕಾದರೆ ಊಟದ ಮೇಜಿನಲ್ಲಿ ನೋಡಬೇಕು.

ನಮ್ಮ ಮನೆಗಳಲ್ಲಿ ಊಟದ ಪ್ರಾರ್ಥನೆ ಎಂದರೆ ಮಗು ಕೂಡ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವಂಥದ್ದು. ಮೇಷ್ಟ್ರದು ಆದಿಕಾಂಡದಿಂದ ಹೊರಡುತ್ತದೆ. ಬೆಳಕು ಉಂಟಾದದ್ದಕ್ಕೆ ವಂದನೆ. ನೋಹನ ನಾವೆಗೆ ಸೀಳು ಬೀಳದಿದ್ದುದಕ್ಕೆ ವಂದನೆ. ಅಲ್ಲಿಂದ ಒಂದೇ ನೆಗೆತಕ್ಕೆ 1820ಕ್ಕೆ ಬರುತ್ತಾರೆ. ಆ ವರ್ಷ ವೆಸ್ಲಿಯನ್ ಮಿಷನರಿ ಎಲೈಜಾ ಹೂಲ್ ಮದ್ರಾಸಿನ ಕಡೆ ಬರುತ್ತಿದ್ದ ‘ತಂಜಾವೂರ್’ ಎಂಬ ಹಡಗಿಗೆ ಸಿಡಿಲು ಬಡಿದು ಅದು ಹೊತ್ತಿ ಉರಿಯಿತು. ಪೆಟ್ಟಿಗೆ, ಪುಸ್ತಕ ಎಲ್ಲ ಹೋಗಿ ಮನುಷ್ಯ ಮಾತ್ರ ಉಳಿದು, ಮರುವರ್ಷ ಬೆಂಗಳೂರಿಗೆ ಬಂದ. ಮೇಷ್ಟ್ರ ತರ್ಕ ಸರಳ: ಹೂಲ್ ಮುಳುಗಿದ್ದರೆ ಮಿಷನ್ ಇಲ್ಲ, ಮಿಷನ್ ಇಲ್ಲದಿದ್ದರೆ ಶಾಲೆ ಇಲ್ಲ, ಶಾಲೆ ಇಲ್ಲದಿದ್ದರೆ ಕೆಲಸ ಇಲ್ಲ, ಕೆಲಸ ಇಲ್ಲದಿದ್ದರೆ ಪಿಂಚಣಿ ಇಲ್ಲ, ಪಿಂಚಣಿ ಇಲ್ಲದಿದ್ದರೆ ಈ ಚಪಾತಿ ಇಲ್ಲ. ಆದ್ದರಿಂದ ಚಪಾತಿ ಮುಟ್ಟುವ ಮೊದಲು ಹೂಲನನ್ನು ದಡ ಸೇರಿಸಲೇಬೇಕು.

ದಡ ಸೇರಿದ ಮೇಲೆ ತುಟ್ಟಿಭತ್ಯೆ, ಗ್ಯಾಸ್ ಸಿಲಿಂಡರು, ಡಲ್ಲಾಸಿನಲ್ಲಿರುವ ಮಗನ ವೀಸಾ. ಸುದ್ದಿ ತಿಳಿಯಬೇಕಾದವರು ಅವರ ಮನೆಯಲ್ಲಿ ಪೇಪರ್ ಓದಬೇಕಾಗಿಲ್ಲ, ಕಣ್ಣು ಮುಚ್ಚಿ ಕೂತರೆ ಸಾಕು. ಯಾರಿಗೆ ಗಂಡು ಗೊತ್ತಾಯಿತು, ಯಾರ ಸೈಟಿನ ಕೇಸು ಬಿದ್ದುಹೋಯಿತು, ಎಲ್ಲ ದೇವರಿಗೆ ವರದಿಯಾಗುವಾಗ ನಮ್ಮ ಕಿವಿಗೂ ಬೀಳುತ್ತದೆ. ಇದರ ಜೊತೆಗೆ ಕೃತಜ್ಞತೆಯ ವೇಷದಲ್ಲಿ ದೂರು ಕೊಡುವ ವಿದ್ಯೆಯೊಂದಿದೆ, ಅದರಲ್ಲಿ ಮೇಷ್ಟ್ರು ಪಳಗಿದ ಕೈ. ರಜೆಗೆ ಸೊಸೆ ಬಂದಿದ್ದಾಗ ಮಾಡಿದ ಪ್ರಾರ್ಥನೆ ಇದು: ‘ಕರ್ತನೇ, ಈ ಮಗಳಿಗೆ ಸಾರಿಗೆ ಉಪ್ಪು ಎಷ್ಟು ಹಾಕಬೇಕೆಂಬ ಜ್ಞಾನವನ್ನು ದಿನೇ ದಿನೇ ಸ್ವಲ್ಪ ಸ್ವಲ್ಪವಾಗಿ ಅನುಗ್ರಹಿಸುತ್ತಿರುವುದಕ್ಕಾಗಿ ಸ್ತೋತ್ರ.’ ಇದಕ್ಕೆ ಸೊಸೆ ಏನು ಹೇಳಬೇಕು? ಆಮೆನ್ ಎನ್ನಬೇಕು. ಪ್ರಾರ್ಥನೆಯ ಮಧ್ಯೆ ಎದುರುತ್ತರ ಕೊಡುವ ಪದ್ಧತಿ ಸಿ.ಎಸ್.ಐ. ಸಭೆಯಲ್ಲಿ ಇನ್ನೂ ಬಂದಿಲ್ಲ.

ಇಷ್ಟು ಹೊತ್ತಿಗೆ ಅನ್ನ ಆರಿ, ಸಾರಿನ ಮೇಲೆ ಕೆನೆಯಂಥದ್ದೊಂದು ಪದರ ಕಟ್ಟಿರಬೇಕು. ಆದರೆ ಸಿಸ್ಟರಮ್ಮನ ಮನೆಯಲ್ಲಿ ಕಟ್ಟುವುದಿಲ್ಲ. ವಾರ್ಡಿನಲ್ಲಿ ಡ್ರಿಪ್ ನೋಡಿಕೊಂಡೇ ಹತ್ತು ಕೆಲಸ ಮಾಡಿದವರು ಅವರು. ನನಗೊಮ್ಮೆ ಗುಟ್ಟು ಹೇಳಿದರು: ‘ನೋಹ ಬಂದ ಅಂದ್ರೆ ಕಾವಲಿ ಇಡ್ತೀನಿ. ಹಡಗಿಗೆ ಸಿಡಿಲು ಹೊಡೀತಲ್ಲ, ಆಗ ಹಿಟ್ಟು ಹುಯ್ತೀನಿ. ಪಿಂಚಣಿ ಹತ್ರ ಮಗುಚಿ ಹಾಕಿದ್ರೆ ಆಮೆನ್‌ಗೆ ಸರಿಯಾಗಿ ದೋಸೆ ತಟ್ಟೇಲಿರುತ್ತೆ. ಅವರು ಒಂದಿನ ನೋಹನನ್ನ ಬಿಟ್ಟುಬಿಟ್ರು ನೋಡಿ, ಅವತ್ತು ಎಲ್ಲರೂ ಹಸಿ ದೋಸೆ ತಿಂದ್ವಿ.’

ಮೇಷ್ಟ್ರಿಗೆ ಬಹಳ ಪ್ರಿಯವಾದ ಕಥೆ ಲೂಕನ ಸುವಾರ್ತೆಯ 17ನೆಯ ಅಧ್ಯಾಯದ್ದು. ಹತ್ತು ಜನ ಕುಷ್ಠರೋಗಿಗಳು ವಾಸಿಯಾದರು, ತಿರುಗಿ ಬಂದು ಉಪಕಾರ ನೆನೆದವನು ಒಬ್ಬನೇ, ಅವನೂ ಸಮಾರ್ಯದವನು. ಅಂದಿನಿಂದ ಇಂದಿನವರೆಗೆ ಕೃತಘ್ನರೆಲ್ಲ ಮೇಷ್ಟ್ರ ಲೆಕ್ಕದಲ್ಲಿ ‘ಆ ಒಂಬತ್ತರವರು’. ತಾವು ಪಾಠ ಹೇಳಿ ಪಾಸು ಮಾಡಿಸಿದ ಹುಡುಗ ಎದುರಿಗೆ ಸಿಕ್ಕಿ ಹೆಲ್ಮೆಟ್ ತೆಗೆಯದೆ ಹೋದರೆ ಒಂಬತ್ತರವನು. ಪುಸ್ತಕ ವಾಪಸು ಕೊಡದ ಪಾದ್ರಿ ಅಯ್ಯನವರೂ ಒಂಬತ್ತರವರೇ. ಈ ವಿಷಯದಲ್ಲಿ ಮಾತ್ರ ಸಿಸ್ಟರಮ್ಮನಿಗೆ ಭಿನ್ನಾಭಿಪ್ರಾಯವಿದೆ. ‘ಹೋಗಿ ಯಾಜಕರಿಗೆ ಮೈ ತೋರಿಸಿಕೊಳ್ಳಿ ಅಂತ ಹೇಳಿ ಕಳಿಸಿದ್ದೇ ಯೇಸುಸ್ವಾಮಿ. ಆ ಒಂಬತ್ತು ಜನ ಹೇಳಿದ ಹಾಗೆ ಕೇಳಿಕೊಂಡು ಹೋದ್ರು. ಹೇಳಿದ ಮಾತು ಕೇಳೋ ಪೇಷಂಟು ಸಿಗೋದೇ ಕಷ್ಟ, ಅವರನ್ನ ಯಾಕ್ರೀ ಬೈತೀರಿ?’ ಮೇಷ್ಟ್ರು ಈ ವ್ಯಾಖ್ಯಾನವನ್ನು ಇನ್ನೂ ಪರಿಶೀಲಿಸುತ್ತಿದ್ದಾರೆ.

ದೇವರಿಗೆ ಇಷ್ಟು ಧಾರಾಳಿಯಾದ ಮನುಷ್ಯ ಮನುಷ್ಯರ ಹತ್ತಿರ ಮಾತ್ರ ಕೈ ಬಿಗಿ. ಒಂದು ಸಲ ಆಟೋದಲ್ಲಿ ಛತ್ರಿ ಮರೆತು ಬಂದಿದ್ದರು. ಪಾಪ, ಆ ಆಟೋದವನು ಮನೆ ಹುಡುಕಿಕೊಂಡು ಬಂದು ಛತ್ರಿ ನೀಡಿದ. ಮೇಷ್ಟ್ರು ಛತ್ರಿಯನ್ನು ಎದೆಗೊತ್ತಿಕೊಂಡು, ತಾರಸಿ ನೋಡಿ, ‘ಕರ್ತನೇ, ನಿನಗೆ ಸ್ತೋತ್ರ!’ ಎಂದರು. ಆಟೋದವನೂ ತಾರಸಿ ನೋಡಿದ. ಅಲ್ಲಿ ಯಾರೂ ಕಾಣದೆ, ‘ಸಾರ್, ತಂದಿದ್ದು ನಾನು’ ಎಂದ. ‘ನಿನ್ನ ಕೈಯಲ್ಲಿ ಕಳಿಸಿದ್ದು ಅವನು’ ಎಂದು ಮೇಷ್ಟ್ರು ತಿದ್ದಿದರು. ಹುಡುಗನನ್ನು ಕೂರಿಸಿ ಕಾಫಿ ಕೊಟ್ಟು, ಐವತ್ತು ರೂಪಾಯಿ ಜೇಬಿಗೆ ತುರುಕಿದ್ದು ಸಿಸ್ಟರಮ್ಮ. ಅವನು ಹೋಗುವಾಗ ಕೈಮುಗಿದದ್ದೂ ಅವರಿಗೇ.

ಭಾನುವಾರ ಆರಾಧನೆಯಲ್ಲಿ ಸೆಕ್ರೆಟರಿ ಪ್ರಕಟಣೆ ಓದುವಾಗ ಮೇಷ್ಟ್ರ ಕಿವಿ ನೆಟ್ಟಗಾಗುತ್ತದೆ. ಸ್ತೋತ್ರ ಕಾಣಿಕೆಯ ಕವರುಗಳ ಪಟ್ಟಿಯನ್ನು ಕೇಳಿದವರಿಗೆ ಗೊತ್ತು, ಊರಿನ ಸಾಮಾಜಿಕ ಚರಿತ್ರೆಯೆಲ್ಲ ಅದರೊಳಗಿದೆ. ಹುಟ್ಟುಹಬ್ಬ, ಮದುವೆಯಾದ ದಿನ, ಕಣ್ಣಿನ ಪೊರೆ ಆಪರೇಷನ್ನು. ‘ಮೂರು ಬೆಡ್‌ರೂಮಿನ ಫ್ಲಾಟ್ ಕೊಂಡ ಪ್ರಯುಕ್ತ, ಐನೂರ ಒಂದು ರೂಪಾಯಿ.’ ಮನೆಗೆ ಎಷ್ಟು ಕೋಣೆ ಎಂದು ದೇವರಿಗೆ ತಿಳಿಯದೇ? ತಿಳಿದೇ ಇದೆ. ತಿಳಿಯಬೇಕಾದದ್ದು ಹಿಂದಿನ ಬೆಂಚಿಗೆ. ಮೇಲಿನ ಒಂದು ರೂಪಾಯಿಯನ್ನು ಕವರಿನ ಮೂಲೆಗೆ ಟೇಪು ಹಾಕಿ ಅಂಟಿಸುವ ಪದ್ಧತಿ ಯಾವ ಒಡಂಬಡಿಕೆಯಿಂದ ಬಂತೆಂದು ಅಯ್ಯನವರೂ ಹೇಳಲಾರರು. ಹಳೆಯದರಲ್ಲೂ ಇಲ್ಲ, ಹೊಸದರಲ್ಲೂ ಇಲ್ಲ, ನಮ್ಮ ನೆಲದ್ದೇ. ಮೇಷ್ಟ್ರು ಕೊಡುವ ಕವರಿನಲ್ಲಿ ಹಣ ಕಡಿಮೆ, ಬರಹ ಜಾಸ್ತಿ. ‘ಸ್ಕೂಟರಿನಿಂದ ಬಿದ್ದು ಎಡಗಾಲು ಮಾತ್ರ ಮುರಿದ ಪ್ರಯುಕ್ತ’ ಎಂದು ಅವರು ಬರೆದದ್ದನ್ನು ಸೆಕ್ರೆಟರಿ ಗಂಭೀರವಾಗಿ ಓದಿಬಿಟ್ಟರು, ಅವತ್ತು ಕೊಯರ್‌ನ ಆಲ್ಟೋ ಸಾಲು ಇಡೀ ಗೀತೆಯುದ್ದಕ್ಕೂ ಹಾಡಲಿಲ್ಲ.

ಸುಗ್ಗಿ ಹಬ್ಬ ಬಂದರೆ ಮೇಷ್ಟ್ರಿಗೆ ಎರಡು ರೆಕ್ಕೆ. ಇಂಗ್ಲೆಂಡಿನ ಕಾರ್ನ್‌ವಾಲ್ ತೀರದ ಮಾರ್ವೆನ್‌ಸ್ಟೋ ಎಂಬ ಹಳ್ಳಿಯ ಪಾದ್ರಿ ರಾಬರ್ಟ್ ಹಾಕರ್ 1843ರಲ್ಲಿ ತನ್ನ ರೈತರನ್ನು ಕರೆದು ಬೆಳೆಗಾಗಿ ವಂದನೆಯ ಆರಾಧನೆ ನಡೆಸಿದ. ಚರ್ಚಿನೊಳಗೆ ಈ ಹಬ್ಬ ಈಗಿನ ರೂಪದಲ್ಲಿ ಹಬ್ಬಿದ್ದು ಅಲ್ಲಿಂದ. ಹಾಕರನ ಜನ ಹೊಲದಿಂದ ತಂದರು. ನಮ್ಮವರಲ್ಲಿ ಬ್ಯಾಂಕಿನವರು, ಎಲ್‌ಐಸಿಯವರು, ಟೀಚರುಗಳು. ಹೊಲ ಎಲ್ಲಿಂದ ಬರಬೇಕು? ಬೆಳಿಗ್ಗೆ ಆರಕ್ಕೆ ದೇವರಾಜ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ ಕೊಂಡ ಹೂಕೋಸು ಎಂಟೂವರೆಗೆ ಪೀಠದ ಮುಂದೆ ಪ್ರಥಮ ಫಲವಾಗಿ ಕೂತಿರುತ್ತದೆ. ಬಾಳೆಗೊನೆ, ಚಕ್ಕುಲಿ ಡಬ್ಬ, ಕಾಲು ಕಟ್ಟಿದ ನಾಟಿ ಕೋಳಿ. ಪ್ರಸಂಗ ಉದ್ದವಾದರೆ ಕೋಳಿ ಮಾತ್ರ ಧೈರ್ಯವಾಗಿ ಆಕ್ಷೇಪಿಸುತ್ತದೆ.

ಆರಾಧನೆ ಮುಗಿದ ಮೇಲೆ ಹರಾಜು. ಮೇಷ್ಟ್ರೇ ಕೂಗುವವರು. ನಲವತ್ತು ರೂಪಾಯಿಯ ಸಿಹಿಗುಂಬಳ ಒಂದು ಸಾವಿರಕ್ಕೆ ಹೋಗುತ್ತದೆ. ಕೊಂಡವರು ಅದನ್ನು ಸಭೆಗೇ ದಾನ ಕೊಡುತ್ತಾರೆ, ಅದು ಮತ್ತೆ ಹರಾಜಿಗೆ ಬಂದು ಎಂಟುನೂರಕ್ಕೆ ಹೋಗುತ್ತದೆ. ಒಂದು ವರ್ಷ ಒಂದೇ ಕುಂಬಳಕಾಯಿ ಹೀಗೆ ಸುತ್ತು ಹೊಡೆದು ಸಂಡೇ ಸ್ಕೂಲಿನ ಸುಣ್ಣಬಣ್ಣದ ಖರ್ಚು ಹುಟ್ಟಿಸಿತು. ಕೊನೆಗೆ ಯಾರಿಗೂ ಬೇಡವಾಗಿ ಉಳಿದಾಗ ಸಿಸ್ಟರಮ್ಮ ಅದನ್ನು ಸೆರಗಿನ ಮರೆಯಲ್ಲಿ ಎತ್ತಿಕೊಂಡು ಹೋಗಿ, ಸೋಮವಾರ ಕಾಲೋನಿಯ ಆರು ಮನೆಗೆ ಪಲ್ಯ ಹಂಚಿದರು.

ನಗುವುದೇನೋ ನಗುತ್ತೇವೆ. ಆದರೆ ಮೇಷ್ಟ್ರದು ಬರೀ ಬಾಯಿಮಾತು ಎಂದು ಹೇಳಲಾರೆ. ಮೂವತ್ತು ವರ್ಷದ ಯುದ್ಧದ ಕಾಲದಲ್ಲಿ ಜರ್ಮನಿಯ ಐಲೆನ್‌ಬುರ್ಗ್ ಊರಿನಲ್ಲಿ ಮಾರ್ಟಿನ್ ರಿಂಕಾರ್ಟ್ ಎಂಬ ಪಾದ್ರಿಯಿದ್ದ. 1637ರ ಪ್ಲೇಗಿನಲ್ಲಿ ಅವನು ಮಣ್ಣು ಮಾಡಿದ ಹೆಣಗಳು ನಾಲ್ಕು ಸಾವಿರಕ್ಕೂ ಹೆಚ್ಚು, ಅದರಲ್ಲಿ ಅವನ ಹೆಂಡತಿಯದೂ ಒಂದು. ಮನೆಮಂದಿ ಊಟದ ಮೇಜಿನಲ್ಲಿ ಹಾಡಲೆಂದು ದೇವರಿಗೆ ವಂದನೆಯ ಗೀತೆ ಬರೆದವನೂ ಅವನೇ. ಮೇಷ್ಟ್ರು ಈ ಕಥೆಯನ್ನು ಸಮಯ ಸಂದರ್ಭ ನೋಡದೆ ಹೇಳುತ್ತಾರೆ, ನಾಮಕರಣಕ್ಕೆ ಹೋದಾಗಲೂ ಹೇಳಿದ್ದುಂಟು. ಹಾಗಾಗಿ ನಮ್ಮ ಬೀದಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಹುಡುಗ ತೀರಿಕೊಂಡಾಗ, ಇವರು ಬಂದು ರಿಂಕಾರ್ಟನನ್ನು ಎತ್ತಿಬಿಟ್ಟರೆ ಏನು ಗತಿ ಎಂದು ಎಲ್ಲರೂ ಹೆದರಿದ್ದೆವು. ಬಂದರು. ಕುರ್ಚಿ ಜೋಡಿಸಿದರು, ನೀರಿನ ಕ್ಯಾನುಗಳನ್ನು ಇಳಿಸಿದರು, ಸಂಜೆಯ ತನಕ ಒಂದು ಮಾತೂ ಆಡಲಿಲ್ಲ. ಅವರ ಮೇಲೆ ನನಗಿದ್ದ ದೂರುಗಳಲ್ಲಿ ಅರ್ಧವನ್ನು ಅವತ್ತು ವಾಪಸು ತೆಗೆದುಕೊಂಡೆ. ಉಳಿದರ್ಧ ಹಾಗೇ ಇದೆ.

ಅದಿರಲಿ. ಕಳೆದ ಸಲ ಮಗ ಗಂಡ ಹೆಂಡತಿ ಇಬ್ಬರನ್ನೂ ಡಲ್ಲಾಸಿಗೆ ಕರೆಸಿಕೊಂಡ. ಹೋದದ್ದು ನವೆಂಬರಿನಲ್ಲಿ. ಅಮೆರಿಕದವರು ಆ ತಿಂಗಳ ನಾಲ್ಕನೆಯ ಗುರುವಾರವನ್ನು ದೇವರ ಉಪಕಾರ ನೆನೆಯುವುದಕ್ಕೆ ಎತ್ತಿಟ್ಟಿದ್ದಾರೆ. 1863ರಲ್ಲಿ ಲಿಂಕನ್ ದೇಶಕ್ಕೆಲ್ಲ ಸಾರಿದ ಹಬ್ಬ. ನಾಲ್ಕನೆಯ ಗುರುವಾರ ಎಂಬುದು ಕಾನೂನಾದದ್ದು 1941ರಲ್ಲಿ. ಇದನ್ನು ಕೇಳಿ ಮೇಷ್ಟ್ರಿಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು.

‘ವರ್ಷಕ್ಕೆ ಒಂದೇ ದಿನವೇನಪ್ಪಾ?’

‘ಹೌದಪ್ಪ.’

‘ಮಾರನೆ ದಿನ?’

‘ಮಾರನೆ ದಿನ ಬ್ಲ್ಯಾಕ್ ಫ್ರೈಡೇ. ಟೀವಿ ಅರ್ಧ ರೇಟಿಗೆ ಕೊಡ್ತಾರೆ. ರಾತ್ರಿಯಿಂದಲೇ ಕ್ಯೂ ನಿಲ್ತಾರೆ.’

ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲವಂತೆ.

ಹಬ್ಬದ ದಿನ ಮೇಜಿನ ನಡುವೆ ಟರ್ಕಿ ಕೋಳಿ, ಸುತ್ತ ಇವರ ಮನೆಯವರು, ಪಕ್ಕದ ಮನೆಯ ಅಮೆರಿಕನ್ ದಂಪತಿ. ಅಪ್ಪನನ್ನು ಬಲ್ಲ ಮಗ ಮೊದಲೇ ಕಟ್ಟುಪಾಡು ಹಾಕಿದ್ದ. ಇಲ್ಲಿ ಅನೇಕ ಮನೆಗಳಲ್ಲಿ ಮೇಜಿನ ಸುತ್ತ ಕೂತವರು ಸರದಿಯ ಪ್ರಕಾರ ತಮ್ಮ ತಮ್ಮ ಕೃತಜ್ಞತೆ ಹೇಳುತ್ತಾರೆ, ನಾವೂ ಹಾಗೇ ಮಾಡೋಣ, ಒಬ್ಬೊಬ್ಬರಿಗೆ ಒಂದೇ ಒಂದು ವಾಕ್ಯ. ‘ಒಂದೇ ವಾಕ್ಯ ಅಪ್ಪಾ’ ಎಂದು ಬೆರಳೆತ್ತಿ ತೋರಿಸಿದ. ಮೇಷ್ಟ್ರು ಒಪ್ಪಿದರು. ಅಷ್ಟು ಬೇಗ ಒಪ್ಪಿದಾಗಲೇ ಮಗ ಎಚ್ಚರವಾಗಬೇಕಿತ್ತು. ಕನ್ನಡ ಮೇಷ್ಟ್ರ ಮಗ ವ್ಯಾಕರಣ ಮರೆಯಬಾರದು.

ಕನ್ನಡದಲ್ಲಿ ಪೂರ್ಣ ಕ್ರಿಯಾಪದ ಬರುವವರೆಗೆ ವಾಕ್ಯ ಮುಗಿಯುವುದಿಲ್ಲವಲ್ಲ? ಮೇಷ್ಟ್ರು ‘ಆಕಾಶವನ್ನೂ ಭೂಮಿಯನ್ನೂ ನಿರ್ಮಿಸಿ’ ಎಂದು ಎತ್ತಿಕೊಂಡರು. ನಿರ್ಮಿಸಿ, ಬೇರ್ಪಡಿಸಿ, ನೋಹನನ್ನು ತೇಲಿಸಿ, ಅಬ್ರಹಾಮನನ್ನು ಹೊರಡಿಸಿ, ಹೊರಟವನನ್ನು ಸೇರಿಸಿ, ಕಾಲ ತುಂಬಿದಾಗ ಮಗನನ್ನು ಕಳಿಸಿ, ಹಡಗು ಸುಟ್ಟರೂ ಎಲೈಜಾ ಹೂಲನನ್ನು ಉಳಿಸಿ, ಶಾಲೆ ಕಟ್ಟಿಸಿ, ಪಿಂಚಣಿ ಮಂಜೂರು ಮಾಡಿಸಿ… ಮಗನ ಬೆರಳು ಗಾಳಿಯಲ್ಲೇ ನಿಂತಿತ್ತು. ಎಲ್ಲೂ ನಿಯಮ ಮುರಿದಿಲ್ಲ, ತಡೆಯುವುದು ಹೇಗೆ? ಪಕ್ಕದ ಮನೆಯವರು ಕಣ್ಣು ಮುಚ್ಚಿ ತಲೆಬಾಗಿ ಕೂತಿದ್ದರು. ಅವರಿಗೆ ಅರ್ಥವಾದದ್ದು ಮೊದಲು ನೋಹ, ಆಮೇಲೆ ಎಲೈಜಾ, ಕೊನೆಗೆ ಆಮೆನ್. ಆಮೆನ್ ಬರುವ ಹೊತ್ತಿಗೆ ಟರ್ಕಿ ಕೋಳಿ ತಣ್ಣಗಾಗಿ, ಗ್ರೇವಿ ಗಟ್ಟಿಯಾಗಿ, ಕಿರಿಯ ಮೊಮ್ಮಗಳು ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ಸೊಸೆ ಒಂದು ಮಾತೂ ಆಡದೆ ತಟ್ಟೆಗಳನ್ನು ಎತ್ತಿಕೊಂಡು ಹೋಗಿ ಒಂದೊಂದಾಗಿ ಬಿಸಿ ಮಾಡಿ ತಂದಿಟ್ಟಳು.

ಸರದಿ ಸಿಸ್ಟರಮ್ಮನದು. ಅವರು ಬಿಸಿ ತಟ್ಟೆ ಮುಟ್ಟಿ ನೋಡಿದರು. ‘ಕರ್ತನೇ, ಈ ಮೈಕ್ರೋವೇವ್ ಕಂಡುಹಿಡಿದ ಪುಣ್ಯಾತ್ಮನಿಗೋಸ್ಕರ ಸ್ತೋತ್ರ, ಆಮೆನ್’ ಎಂದು ಫೋರ್ಕು ಎತ್ತಿಕೊಂಡರು. ಅದನ್ನು ಮಗ ಇಂಗ್ಲಿಷಿನಲ್ಲಿ ಹೇಳಿದಾಗ ಪಕ್ಕದ ಮನೆಯವರು ಮೇಜು ತಟ್ಟಿ ಆಮೆನ್ ಅಂದರು. ಸೊಸೆ ಅಂದದ್ದು ಅದಕ್ಕಿಂತ ಜೋರು.

ಮೇಷ್ಟ್ರು ಮಾತ್ರ ನಗಲಿಲ್ಲ. ‘ಯಾರು ಕಣೋ ಅವನು?’ ಎಂದು ಹಿರಿಯ ಮೊಮ್ಮಗನನ್ನು ಕೇಳಿದರು. ಹುಡುಗ ಫೋನು ನೋಡಿ ಹೇಳಿದ: ಪರ್ಸಿ ಸ್ಪೆನ್ಸರ್, ತಾತ. ರೇಡಾರ್ ಕೆಲಸ ಮಾಡ್ತಿದ್ದ ಇಂಜಿನಿಯರು. 1945ರಲ್ಲಿ ಮೆಷೀನಿನ ಮುಂದೆ ನಿಂತಾಗ ಜೇಬಲ್ಲಿದ್ದ ಮಿಠಾಯಿ ಕರಗಿಹೋಯ್ತಂತೆ, ಅದರಿಂದ ಹೊಳೆದಿದ್ದು. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ಪೇಪರ್ ನ್ಯಾಪ್‌ಕಿನ್ನಿನ ಮೇಲೆ ಹೆಸರು ಬರೆದುಕೊಂಡರು.

ಈಗ ಮೈಸೂರಿನಲ್ಲಿ, ಹೂಲ್ ದಡ ಸೇರಿದ ಮೇಲೆ, ಪಿಂಚಣಿಗೆ ಮುಂಚೆ, ಪರ್ಸಿಯ ಜೇಬಿನ ಮಿಠಾಯಿ ಕರಗುತ್ತದೆ. ಪ್ರಾರ್ಥನೆ ಎರಡು ನಿಮಿಷ ಉದ್ದವಾಗಿದೆ. ಮೊನ್ನೆ ಸಿಕ್ಕಾಗ ಸಿಸ್ಟರಮ್ಮನನ್ನು ಕೇಳಿದೆ, ಹೇಗೆ ಸಂಭಾಳಿಸುತ್ತೀರಿ ಎಂದು. ‘ಏನು ಮಾಡೋದಪ್ಪ, ಬಾಯಿ ಬಿಟ್ಟವಳು ನಾನೇ ಅಲ್ವಾ. ಉರಿ ಒಂಚೂರು ಸಣ್ಣ ಮಾಡಿದೀನಿ’ ಎಂದರು.