ಸಮ್ಮೇಳನಯಾತ್ರಾ ಮೀಮಾಂಸೆ

ವೈದ್ಯನಾದವನು ಕಾನ್ಫರೆನ್ಸಿಗೆ ಖುದ್ದಾಗಿ ಹೋಗಬೇಕೋ, ಮನೆಯಲ್ಲೇ ಲುಂಗಿ ಉಟ್ಟು ಜೂಮಿನಲ್ಲಿ ಕೇಳಿದರೆ ಸಾಕೋ ಎಂಬ ಜಿಜ್ಞಾಸೆಗೆ ಹೈದರಾಬಾದಿಗಿಂತ ಪ್ರಶಸ್ತವಾದ ಕ್ಷೇತ್ರವಿಲ್ಲ. ಅಲ್ಲಿ ಸಭಾಂಗಣವೂ ಉಂಟು, ಬಿರಿಯಾನಿಯೂ ಉಂಟು. ಒಂದಿಲ್ಲದೆ ಇನ್ನೊಂದು ಫಲಿಸದೆಂಬುದು ಅನುಭವಿಗಳ ಮತ.

ಮೊದಲು ಪೂರ್ವಪಕ್ಷ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜಾಡು ಹಿಡಿದಾಗ ಅವರ ಕೊರಳಲ್ಲಿ ಬ್ಯಾಡ್ಜ್ ಇರಲಿಲ್ಲ, ಹೆಗಲಲ್ಲಿ ಡೆಲಿಗೇಟ್ ಬ್ಯಾಗು ಇರಲಿಲ್ಲ. ಸೊಳ್ಳೆ ಹಾರಿಹೋದೀತೆಂದು ಆ ಸೆಕೆಯಲ್ಲೂ ಪಂಖಾ ಎಳೆಸುತ್ತಿರಲಿಲ್ಲ. ಆದ್ದರಿಂದ ಜ್ಞಾನಕ್ಕೆ ಏಕಾಂತವೇ ಸಾಕು ಎನ್ನುತ್ತಾರೆ ವಾದಿಗಳು. ಇದು ನಿಲ್ಲದ ವಾದ. ರಾಸ್‌ಗೆ 1902ರಲ್ಲಿ ನೊಬೆಲ್ ಬಂತು, ನಿಜ. ಆದರೆ ನೊಬೆಲ್ ತೋರಿಸಿದರೆ ನಮ್ಮ ರಾಜ್ಯದ ಮೆಡಿಕಲ್ ಕೌನ್ಸಿಲ್ ನೋಂದಣಿ ನವೀಕರಿಸುತ್ತದೆಯೆ? ಅದಕ್ಕೆ ಇಂಥ ಸಮ್ಮೇಳನಗಳಲ್ಲಿ ಕೂತು ಗಳಿಸುವ ಕ್ರೆಡಿಟ್ ಅವರ್ 5 ವರ್ಷಕ್ಕೆ 30 ಬೇಕು.

ಇನ್ನು ಪ್ರತ್ಯಕ್ಷ ಪ್ರಮಾಣ. ವೇದಿಕೆಯ ಮೇಲೆ ಎಲ್ಲ ಶಸ್ತ್ರಚಿಕಿತ್ಸೆಗಳೂ ಯಶಸ್ವಿಯಾಗುತ್ತವೆ. ಪಿಪಿಟಿಯಲ್ಲಿ ಯಾರ ಹೊಲಿಗೆಯೂ ಬಿಚ್ಚಿಕೊಂಡದ್ದಿಲ್ಲ. ಬಿಚ್ಚಿಕೊಂಡ ಹೊಲಿಗೆಯ ಕಥೆ ಹೊರಬರುವುದು ಊಟದ ಸಾಲಿನಲ್ಲಿ, ಮಿರ್ಚಿ ಕಾ ಸಾಲನ್ನಿಗೂ ಡಬಲ್ ಕಾ ಮೀಠಾಕ್ಕೂ ನಡುವೆ, ಮೈಕಿಲ್ಲದ ಜಾಗದಲ್ಲಿ. ಕಲಬುರಗಿಯ ಸರ್ಜನ್ನರು ಹುಬ್ಬಳ್ಳಿಯವರ ಕಿವಿಯಲ್ಲಿ ‘ನಮ್ಮಲ್ಲೂ ಹಂಗೇ ಆಗಿತ್ರೀ’ ಎಂದ ಆ ಅರೆಕ್ಷಣಕ್ಕೆ ಕ್ರೆಡಿಟ್ ಅವರ್ ಕೊಡುವವರಿಲ್ಲ. ಮಧ್ಯಾಹ್ನದ ಗೋಷ್ಠಿಯಲ್ಲಿ ಕುರ್ಚಿಗಳು ಖಾಲಿಯಾಗಿ ಲಾಡ್ ಬಜಾರಿನ ಬಳೆ ಅಂಗಡಿ ತುಂಬುವುದು ಬೇರೊಂದು ಪ್ರಬಂಧದ ವಸ್ತು.

ಐತಿಹಾಸಿಕ ಪ್ರಮಾಣ ಎಲ್ಲಕ್ಕಿಂತ ಬಲವಾದದ್ದು. 1888ರಲ್ಲಿ ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ನಾಯಿಗಳ ಮೇಲೆ ಪ್ರಯೋಗ ನಡೆಸಿ, ಕ್ಲೋರೋಫಾರ್ಮಿನಿಂದ ಸಾವು ಬರುವುದಾದರೆ ಉಸಿರು ನಿಂತೇ ಹೊರತು ನೇರವಾಗಿ ಗುಂಡಿಗೆ ನಿಂತಲ್ಲ ಎಂದು ಸಾರಿದರು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ನಂಬಲಿಲ್ಲ. ಬರೆದು ಒಪ್ಪಿಸಲಾಗದ್ದನ್ನು ಕರೆಸಿ ಒಪ್ಪಿಸಬಹುದು ಎಂಬ ಮರ್ಮ ಲಾರಿಯವರಿಗೆ ಹೊಳೆಯಿತು. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ 1000 ಪೌಂಡ್ ಕೊಟ್ಟರು. 1889ರಲ್ಲಿ ಲಾಡರ್ ಬ್ರಂಟನ್ ಪತ್ರಿಕೆಯ ಪರವಾಗಿ ಹಡಗು ಹತ್ತಿ ಬಂದರು. ಬರುವಾಗ, ಕ್ಲೋರೋಫಾರ್ಮ್ ಗುಂಡಿಗೆಯನ್ನೂ ನಿಲ್ಲಿಸಬಲ್ಲದು ಎನ್ನುವವರಾಗಿದ್ದರು. ನಾಯಿ, ಕೋತಿ, ಆಡು ಎಂದು 400ಕ್ಕೂ ಹೆಚ್ಚು ಮೂಕಜೀವಗಳ ಮೇಲೆ ಪರೀಕ್ಷೆ ನಡೆದ ಮೇಲೆ ಅವರೇ ಲಾರಿಯ ಪಕ್ಷ ಸೇರಿ, ಗುಂಡಿಗೆಗೆ ನೇರ ಅಪಾಯವಿಲ್ಲವೆಂದು ಲಂಡನ್ನಿಗೆ ತಂತಿ ಕಳಿಸಿದರು. ಹೈದರಾಬಾದಿನ ಆತಿಥ್ಯಕ್ಕೆ ಅಂಥ ಶಕ್ತಿ!

ಖುದ್ದು ಹಾಜರಿಗೆ ಇದಕ್ಕಿಂತ ದೊಡ್ಡ ವಿಜಯ ಇನ್ನೊಂದು ಸಿಗದು. ತೊಡಕು ಒಂದೇ: ಬರುವಾಗ ಬ್ರಂಟನ್ ನಂಬಿದ್ದೇ ಸರಿಯಾಗಿತ್ತು. ಕ್ಲೋರೋಫಾರ್ಮಿನ ಅಮಲು ಹಗುರಾಗಿದ್ದಾಗ ಗುಂಡಿಗೆ ಲಯ ತಪ್ಪಿ, ಅದುರಿ, ತಟ್ಟನೆ ನಿಲ್ಲಬಲ್ಲದೆಂದು 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಸಮ್ಮೇಳನದಿಂದ ಅಭಿಪ್ರಾಯ ಬದಲಾಗುತ್ತದೆ ಎಂಬಲ್ಲಿಗೆ ನಮ್ಮ ಸಿದ್ಧಾಂತ ಸ್ಥಾಪಿತವಾಯಿತು. ಯಾವ ದಿಕ್ಕಿಗೆ ಬದಲಾಗುತ್ತದೆ ಎಂಬುದು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಹೋಗಿ ಬನ್ನಿ ಡಾಕ್ಟ್ರೇ, ಖಂಡಿತ ಹೋಗಿ. ಊಟದ ಸಾಲಿನಲ್ಲಿ ಮಾತ್ರ ನಿಮ್ಮ ಪೇಪರನ್ನು ಒಪ್ಪದವರ ಪಕ್ಕ ನಿಲ್ಲಿ.