ಎಥನಾಲ್ ಮಹಾಶಯರಿಗೊಂದು ಬಹಿರಂಗ ಪತ್ರ

ಹಸಿರು ಶಾಲು ಹೊದ್ದು ಪೆಟ್ರೋಲ್ ಬಂಕಿಗೆ ದಯಮಾಡಿಸಿರುವ ಎಥನಾಲ್ ಮಹಾಶಯರೇ,

ಪೆಟ್ರೋಲಿನಲ್ಲಿ ಶೇ. 20ರಷ್ಟು ಪಾಲು ತಮಗೆಂದು ಮೊದಲು ನಿಗದಿಯಾಗಿದ್ದು 2030ಕ್ಕೆ. ತಾವು 2025ರಲ್ಲೇ ಅದನ್ನು ವಶಪಡಿಸಿಕೊಂಡಿರಿ. ಸರ್ಕಾರಿ ಯೋಜನೆಯೊಂದು ಗಡುವಿಗೆ ಮುಂಚೆ ಮುಗಿದ ಬೆರಗಿನಿಂದ ನಾವಿನ್ನೂ ಹೊರಬಂದಿಲ್ಲ. ತಮ್ಮ ಲೆಕ್ಕವೂ ಸೊಗಸು: ತಾವು ಉರಿದಾಗ ಹೊರಬೀಳುವ ಇಂಗಾಲವನ್ನು ಕಬ್ಬು ಬೆಳೆಯುವಾಗಲೇ ಗಾಳಿಯಿಂದ ಹೀರಿಕೊಂಡಿತ್ತು, ಆದ್ದರಿಂದ ಬಾಕಿ ಸೊನ್ನೆ. ಪೆಟ್ರೋಲಿಗೆ ಈ ಭಾಗ್ಯವಿಲ್ಲ, ನಿಜ. ಆದರೆ ಜಮಾ ಬರೆದವರು ಖರ್ಚಿನ ಪುಟ ತೆರೆದೇ ಇಲ್ಲ. ಗದ್ದೆಗೆ ಸುರಿದ ಯೂರಿಯಾದಿಂದ ನೈಟ್ರಸ್ ಆಕ್ಸೈಡ್ ಏಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ, ತೂಕಕ್ಕೆ ತೂಕ ಇಟ್ಟರೆ, ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 273 ಪಟ್ಟು ಬಿಸಿ ಏರಿಸುತ್ತದೆ. ಕಬ್ಬಿನಿಂದ ತಮ್ಮ ಒಂದು ಲೀಟರ್ ಹೊರಬರಲು ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯೇ ಹೇಳುತ್ತದೆ. ಮಂಡ್ಯದ ನಾಲೆಯ ಕೊನೇ ಭಾಗದ ರೈತರ ಮುಂದೆ ಇದನ್ನು ಗಟ್ಟಿಯಾಗಿ ಓದದಿರುವುದೇ ಲೇಸು. ಇಷ್ಟಾಗಿ, ಒಂದು ಲೀಟರಿನಲ್ಲಿ ತಮಗಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಹೊಗೆಯನ್ನು ಅಳೆಯಬೇಕಾದದ್ದು ಲೀಟರಿನಿಂದಲ್ಲ, ಓಡಿದ ಕಿಲೋಮೀಟರಿನಿಂದ.

ಕಬ್ಬಿನದಾದರೆ ಶೇ. 65, ಮೆಕ್ಕೆಜೋಳದ್ದಾದರೆ ಶೇ. 50ರಷ್ಟು ಹಸಿರುಮನೆ ಅನಿಲ ಕಡಿಮೆ ಎಂದು ಸರ್ಕಾರ ಹೇಳಿದೆಯಲ್ಲ ಎನ್ನುತ್ತೀರಿ. ಒಪ್ಪೋಣ. ಆದರೆ ಹೆಸರು ಒಂದೇ, ಅಂಕಿ ಎರಡು ಎಂದಮೇಲೆ ಗುಣ ಹೆಸರಿನದಲ್ಲ, ಹುಟ್ಟಿದ ಹೊಲದ್ದು. ಮೆಕ್ಕೆಜೋಳ ರಫ್ತು ಮಾಡುತ್ತಿದ್ದ ದೇಶ 2024ರಲ್ಲಿ ಮ್ಯಾನ್ಮಾರ್, ಉಕ್ರೇನ್‌ಗಳಿಂದ ತರಿಸಿಕೊಂಡಿತು. ಕೋಳಿ ತಿನ್ನಬೇಕಾದ್ದು ಭಟ್ಟಿಗೆ ಹೋದರೆ ಇನ್ನೆಲ್ಲೋ ಹೊಸದಾಗಿ ಬಿತ್ತಲೇಬೇಕು. ತಮ್ಮ ದಾಯಾದಿ ತಾಳೆಯೆಣ್ಣೆಯ ಡೀಸೆಲ್ಲೂ ಹೀಗೆಯೇ ಮೆರೆಯಿತು. ಅದರ ಬೆನ್ನಿಗೆ ಕಾಡು ಕಡಿದದ್ದು ಕಂಡು ಯುರೋಪ್ 2030ರೊಳಗೆ ಅದನ್ನು ಕೈಬಿಡಲು ಹೊರಟಿದೆ. ರೈತರಿಗೆ ದುಡ್ಡು ಬಂತು, ಒಂದಷ್ಟು ಕಚ್ಚಾತೈಲದ ಆಮದು ತಪ್ಪಿತು ಎಂಬ ಮಾತುಗಳು ಸುಳ್ಳಲ್ಲ. ಅವು ಒಳ್ಳೆಯ ಆರ್ಥಿಕ ಕಾರಣಗಳು. ಹವಾಮಾನದ ಸರ್ಟಿಫಿಕೇಟಿಗೆ ಅವು ಸಾಲವು.

ಜೈವಿಕ ಇಂಧನವೆಲ್ಲ ತಮ್ಮಂತಲ್ಲ. ಬೋಂಡಾ ಕರಿದು ಉಳಿದ ಎಣ್ಣೆಯ ಬಯೋಡೀಸೆಲ್‌ಗೆ ಹೊಸ ಗದ್ದೆ ಬೇಡ. ಅದಕ್ಕೇ ಎಣ್ಣೆ ಕೊಡಬಲ್ಲ ಬದುವಿನ ಹೊಂಗೆ ಸಾರಜನಕವನ್ನು ತಾನೇ ಹೊಂದಿಸಿಕೊಳ್ಳುತ್ತದೆ, ನಾಲೆಯ ನೀರು ಕೇಳುವುದಿಲ್ಲ. ಇವೆರಡೂ ದೇಶದ ಗಾಡಿಗಳಿಗೆಲ್ಲ ಸಾಲುವುದಿಲ್ಲ ಎಂಬ ಆಕ್ಷೇಪ ಸರಿಯೇ. ಹಾಗೆ ನೋಡಿದರೆ ನಮ್ಮ ನೀರೂ ಸಾಲುವುದಿಲ್ಲ. ಬಸ್ಸು, ರೈಲು ಹೆಚ್ಚಿಸಿ ಉರಿಸುವುದನ್ನೇ ತಗ್ಗಿಸಬೇಕು. ಅಲ್ಲಿಯವರೆಗೆ ಬಂಕಿನ ದರಪಟ್ಟಿಯ ಪಕ್ಕ ತಮ್ಮ ಕುಲಗೋತ್ರ ಬರೆಸಿ: ಯಾವ ಬೆಳೆ, ಎಷ್ಟು ನೀರು, ಕಿಲೋಮೀಟರಿಗೆ ಎಷ್ಟು ಇಂಗಾಲ. ಅದಿಲ್ಲದೆ ತಮ್ಮನ್ನು ಪೆಟ್ರೋಲಿಗಿಂತ ವಾಸಿ ಎನ್ನಬಹುದು, ಹಸಿರು ಎನ್ನಲಾಗದು.

ಇಂತಿ ತಮ್ಮ ವಿಶ್ವಾಸಿ,
ಟ್ಯಾಂಕ್ ತುಂಬಿಸಿಕೊಳ್ಳುವವ